ಗಿರಾಕಿ ನಂಬರು ಒತ್ತುವಾಗ

ಬಸ್ಸು ಹಾರನ್ ಹೊಡೆಯಿತು, ಹಾಸನದ್ದೇ ಇರಬೇಕು, ಪುಟ್ಟತಾಯಮ್ಮ ಹತ್ತಿರುತ್ತಾಳೆ, ಬರಿಗೈಲಿ ಹತ್ತಿರುತ್ತಾಳೆ — ಚಂದ್ರಶೇಖರಯ್ಯ ತಮ್ಮ ಬಟ್ಟೆ ಅಂಗಡಿಯಲ್ಲಿ ಬಿಡಿಸಿಟ್ಟ ಹಸಿರು ಸೀರೆಯನ್ನು ಮಡಿಸಲೂ ಆಗದೆ ಕೂತಿದ್ದಾರೆ, ಹಳೇಕೋಟೆಯ ಈ ಹೆಂಗಸು ಮೂವತ್ತು ವರ್ಷದಿಂದ ಬೇರೆ ಅಂಗಡಿಯ ಮೆಟ್ಟಿಲು ತುಳಿದವಳಲ್ಲ, ಹಾಲಿನ ದುಡ್ಡು ಬ್ಯಾಂಕಿಗೇ ಬೀಳತೊಡಗಿದ ಮೇಲೆ ಕಾರ್ಡನ್ನು ಇವರ ಕೈಗೇ ಕೊಟ್ಟು ಪಿನ್ ನಂಬರನ್ನು ಬಾಯಲ್ಲಿ ಹೇಳುತ್ತಿದ್ದಳು, ಇಡೀ ಅಂಗಡಿಗೆ ಕೇಳುವ ಹಾಗೆ, ನೀವೇ ಒತ್ಬುಡಿ ಸಾವ್ಕಾರ್ರೆ, ನಂಗೇನ್ ಗೊತ್ತಾದದು — ಇವರೇ ಒತ್ತುತ್ತಿದ್ದರು, ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ, ಈಗ ಕಾರ್ಡ್ ಉಜ್ಜಲು ಹೊಸ ಮಿಷನ್ನು, ಹೊಸ ನಿಯಮ, ಎಲ್ಲ ಅಂಗಡಿಗೂ ಒಂದೇ, ಮಿಷನ್ ಕಂಪನಿಯ ಶಿವಕುಮಾರ್ ಬೆಳಿಗ್ಗೆಯೇ ಬಂದು ಓದಿ ಹೇಳಿದ, ಕಾರ್ಡ್ ಮುಟ್ಟಂಗಿಲ್ಲ ಸಾ, ನಂಬರ್ ಕೇಳಂಗಿಲ್ಲ, ಗಿರಾಕಿ ಒತ್ತೋವಾಗ ನೀವು ಮುಖ ಅತ್ಲಾಗ್ ತಿರುಗಿಸ್ಬೇಕು, ತಪ್ಪುದ್ರೆ ಮಿಷನ್ ವಾಪಸ್ — ಅವನು ಅಲ್ಲೇ ಕೂತು ಕಾಫಿ ಕುಡಿಯುವಾಗಲೇ ಅವಳು ಬರಬೇಕೇ, ಏದುಸಿರು ಬಿಡುತ್ತ, ನಮ್ ನಾದ್ನಿ ಮುದ್ದಮ್ಮ ಓಗ್ಬುಟ್ಲು ಸಾವ್ಕಾರ್ರೆ, ಶಾಂತಿಗ್ರಾಮದಲ್ಲಿ ಎಣ ಇಟ್ಕೊಂಡು ಕಾಯ್ತಾವ್ರೆ, ತವ್ರು ಸೀರೆ ಒಂದ್ ಕೊಡಿ, ಅದುನ್ನ ಮೇಲ್ ಆಕ್ದೆ ಎತ್ತಂಗಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ, ಹೇಗೂ ಕಾಸು ಬೇಡವೆಂದು ಕಾರ್ಡೊಂದನ್ನೇ ಹಿಡಿದು ಬಂದಿದ್ದಳು.

ನೀನೇ ಒತ್ತವ್ವ, ಎಂದುಬಿಟ್ಟರು, ಅಂಕಿ ಓದಲು ಬಾರದವಳಿಗೆ — ಗೊತ್ತಿತ್ತು, ಇವರಿಗೆ ಗೊತ್ತಿತ್ತು — ಮುಖ ತಿರುಗಿಸಿದರು, ಮಿಷನ್ನು ಒಂದು ಸಲ ಕೂಗಿತು, ಎರಡು ಸಲ, ಸಗಣಿ ಬಾಚಿ ಒರಟಾದ ಆ ಬೆರಳು ಗುಂಡಿಗಳ ಮೇಲೆ ತಡಕಾಡುವುದು ಕಣ್ಣಂಚಿನಲ್ಲಿ ಕಾಣುತ್ತಿತ್ತಲ್ಲ, ನಂಬರು ಇವರ ನಾಲಿಗೆ ತುದಿಯಲ್ಲೇ ಇತ್ತಲ್ಲ, ಮೂರನೇ ಸಲಕ್ಕೆ ಕಾರ್ಡೇ ಬಂದ್, ನಾಳೆವರೆಗೆ ಬಂದ್, ತಗೊಂಡೋಗವ್ವ, ಆಮೇಲ್ ಕೊಡೀವಂತೆ, ಎಂದರು ಇವರು — ಬ್ಯಾಡಿ, ತವ್ರು ಸೀರೆ ಸಾಲ್ದಾಗ್ ತಗೊಂಡೋದ್ರೆ ಮುದ್ದಮ್ಮುಂಗೆ ಅವ್ಮಾನ, ನೀವ್ಯಾಕ್ ಸಾವ್ಕಾರ್ರೆ ಮಕ ತಿರುಗುಸುದ್ರಿ, ನಾನೇನ್ ತಪ್ ಮಾಡ್ದೆ. ಅವಳು ಹೋದ ಮೇಲೆ ಶಿವಕುಮಾರ್, ಸರಿಯಾಗ್ ಮಾಡುದ್ರಿ ಸಾ, ಎಂದು ಎದ್ದು ಹೋದ, ಥೂ, ಯಾವ ಸರಿ, ಓಡಿಹೋಗಿ ಬಸ್ಸಿನ ಕಿಟಕಿಯಲ್ಲಿ ಸೀರೆ ತೂರಿಸಿದ್ದರೆ — ಓಡಲಿಲ್ಲ, ತವರಿನವರು ಬರಿಗೈಲಿ ಬಂದರು ಎಂದು ಹೆಣದ ಮುಂದೆಯೇ ಜನ ಆಡಿಕೊಳ್ಳುತ್ತಾರೆ, ಅವಳು ತಲೆ ತಗ್ಗಿಸಿ ನಿಲ್ಲುತ್ತಾಳೆ, ಮೂರನೇ ಸಲ ಒತ್ತುವ ಮುಂಚೆ ಅವಳು ಇವರ ಕಡೆ ನೋಡಿದ್ದಳು, ಇವರು ಗೋಡೆಯನ್ನೇ ನೋಡಿದರು, ಬೆರಳು ಗಾಳಿಯಲ್ಲೇ ನಿಂತಿತ್ತು, ಒಂದೇ ಒಂದು ಮಾತಿಗೆ ಕಾಯುತ್ತ, ನಿಂತೇ ಇತ್ತು, ಆ ಬೆರಳು —