ಎರಡು ಹೋಳಿಗೆಯ ಡೇಟಾ ಬಸ್

ಪ್ರವೀತನಿಗೆ ಮೈಕ್ರೊಪ್ರೊಸೆಸರ್ ವೈವಾ, ಅಂದರೆ ಬಾಯಿಪರೀಕ್ಷೆ, ಇದು ಎರಡನೆಯ ಸಲ. ಈ ಬಾರಿಯೂ ಬಿದ್ದರೆ ಕಾಸರಗೋಡಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್ನೊಂದು ವರ್ಷ. ಓದಿರಲಿಲ್ಲವೆಂದಲ್ಲ. ಹಾಸ್ಟೆಲಿನಲ್ಲಿ ಈ ವಿಷಯ ಕಲಿಸುವ ಹರಿನಾರಾಯಣ ಸರ್ ಅವರನ್ನು ಅಣಕಿಸುತ್ತಲೇ ಕಲಿತದ್ದರಿಂದ ಪಾಠವೆಲ್ಲ ಅವರ ದನಿಯಲ್ಲೇ ನೆನಪಿತ್ತು. ಆ ಸರ್ ಈಗ ಎದುರಿಗೇ ಕುಳಿತಿದ್ದರು. ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕಿ ದೀಪಶ್ರೀ ಮೇಡಂ.

"8086 ಚಿಪ್ಪಿಗೂ 8088 ಚಿಪ್ಪಿಗೂ ಎಂತ ವ್ಯತ್ಯಾಸ?" ಮೇಡಂ ಕೇಳಿದರು.

ಪ್ರವೀತ ಸ್ವಂತ ದನಿಯಲ್ಲಿ ಪ್ರಯತ್ನಿಸಿದ. "8086 ಅಂದರೆ... 8086 ಅಂದರೆ..." ಎಂದು ಅಲ್ಲಲ್ಲೇ ಸುತ್ತಿದ.

"ಗೊತ್ತಿಲ್ಲ ಅಂತ ಬರೆಯುವುದಾ?" ಮೇಡಂ ಪೆನ್ನೆತ್ತಿದರು.

ಬೇರೆ ದಾರಿಯಿಲ್ಲದೆ ಪ್ರವೀತ ಸರ್ ಅವರ ಹಾಗೆಯೇ ಕತ್ತು ವಾಲಿಸಿ ಮೂಗಿನಲ್ಲಿ ಶುರುಮಾಡಿದ: "ನೋಡಿ ಮಕ್ಕಳೇ, ಇವರಿಬ್ಬರು ಅಣ್ಣತಮ್ಮ. ತಲೆಯೊಳಗೆ ಇಬ್ಬರಿಗೂ ಹದಿನಾರು ಬಿಟ್. ಅಣ್ಣ 8086ರ ಡೇಟಾ ಬಸ್ಸು, ಅಂದರೆ ಮಾಹಿತಿ ಹೋಗಿ ಬರುವ ದಾರಿ, ಅದೂ ಹದಿನಾರು. ಪಂಕ್ತಿಯಲ್ಲಿ ಎರಡು ಹೋಳಿಗೆ ಒಟ್ಟಿಗೆ ಬಡಿಸಿದ ಹಾಗೆ. ತಮ್ಮನದ್ದು ಎಂಟೇ. ಒಂದು ಬಡಿಸಿ, ಪುನಃ ಹೋಗಿ ಇನ್ನೊಂದು ತರಬೇಕು."

"ಹಾಗಾದರೆ ಆ ತಮ್ಮ ಯಾರಿಗೆ ಬೇಕು?" ಮೇಡಂ ಬಿಡಲಿಲ್ಲ.

"ಸುತ್ತಲಿನ ಅಗ್ಗದ ಚಿಪ್ಪುಗಳೆಲ್ಲ ಎಂಟು ಬಿಟ್ಟಿನವು. ಉಗ್ರಾಣದಲ್ಲಿ ಸಣ್ಣ ಪಾತ್ರೆಯೇ ಉಂಟಾದರೆ ತಮ್ಮನೇ ಸಾಕು ಮಾರಾಯ್ರೆ!"

ಮೇಡಂ ಮುಖಕ್ಕೆ ಅಂಕಪಟ್ಟಿ ಅಡ್ಡ ಹಿಡಿದು ನಕ್ಕರು. ಹರಿನಾರಾಯಣ ಸರ್ ನಗಲಿಲ್ಲ.

"ಪಾಸ್ ಮಾಡಿ ಮೇಡಂ. ಇವನನ್ನು ಫೇಲ್ ಮಾಡಿದರೆ ನಾನೇ ಫೇಲಾದ ಹಾಗೆ," ಎಂದರು. ಆಮೇಲೆ ಪ್ರವೀತನ ಕಡೆ ಕತ್ತು ವಾಲಿಸಿ, ಮೂಗಿನಲ್ಲೇ ಕೇಳಿದರು: "ಆದರೆ ನಾನು ಹೀಗೆ ಮಾತಾಡುವುದುಂಟಾ ಮಾರಾಯ?"