ಹಿಂಬಾಗಿಲಿನಿಂದ ಬಂದವಳು

ಡೋರೀನಳ ಕೇರಿಯಲ್ಲಿ ಮುಂಬಾಗಿಲಿಗೆ ಹೆಚ್ಚು ಕೆಲಸವಿರಲಿಲ್ಲ. ಸ್ಕೆಲ್ಟನ್ ಊರಿನಲ್ಲಿ ಕಬ್ಬಿಣದ ಗಣಿಯವರಿಗೆಂದು ಕಟ್ಟಿದ ಸಾಲುಮನೆಗಳು ಅವು. ಮದುಮಗಳು ಹೊರಡುವಾಗ, ಹೆಣ ಹೊರಡುವಾಗ ಮುಂಬಾಗಿಲು ತೆರೆಯುತ್ತಿತ್ತು. ಮಿಕ್ಕಂತೆ ನೆಂಟರು, ನೆರೆಯವರು, ಕೊನೆಗೆ ಪಾದ್ರಿ ಕೂಡ ಹಿತ್ತಲ ಓಣಿಯಿಂದ ಬಂದು ಅಡುಗೆಮನೆಯ ಬಾಗಿಲು ತಳ್ಳಿ, "ನಾನು ಕಣೇ" ಎನ್ನಬೇಕು. ಮುಂದಿನಿಂದ ಬಡಿದವನು ವೋಟು ಕೇಳಲು ಬಂದವನೇ ಇರಬೇಕೆಂದು ಒಳಗಿನವರು ಟಿವಿಯ ಸದ್ದು ತಗ್ಗಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಎಪ್ಪತ್ತೊಂಬತ್ತು ವರ್ಷ ಹೀಗೆ ಬದುಕಿದ ಹೆಂಗಸು ಒಂದು ಶನಿವಾರ ಮಧ್ಯಾಹ್ನ ಬೇರೆ ಥರ ನಡೆದುಕೊಳ್ಳಬೇಕೆಂದರೆ ಹೇಗೆ? ಕಾಲು ತನ್ನಷ್ಟಕ್ಕೆ ತಾನೇ ಹಿತ್ತಲಿಗೆ ಹೋಯಿತು.

ಆಮೇಲೆ ಆದದ್ದಕ್ಕೆಲ್ಲ ಆ ಕಾಲನ್ನೇ ದೂರುವುದು ಸುಲಭ. ಮಗಳು ಗೇನೋರ್ ಹಾಗೆ ದೂರಿಯೂ ನೋಡಿದಳು. ಮನಸ್ಸು ಒಪ್ಪಲಿಲ್ಲ.

ಗೇನೋರ್ ಡೋರೀನಳ ಒಬ್ಬಳೇ ಮಗಳು, ಪಕ್ಕದ ಪಟ್ಟಣದ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್. ಸಾಲ್ಟ್‌ಬರ್ನ್‌ನ ಆ ಮನೆಯನ್ನು ಅವಳು ಮೊದಲು ನೋಡಿದ್ದು ಚಿಕ್ಕವಳಿದ್ದಾಗ, ಬಸ್ಸಿನ ಮಹಡಿಯಿಂದ. ಸಮುದ್ರಕ್ಕೆ ಮುಖ ಮಾಡಿ ನಿಂತ, ವಿಕ್ಟೋರಿಯಾ ರಾಣಿಯ ಕಾಲದ ಮನೆ: ಮಾಸಲು ಬಿಳಿಯ ಇಟ್ಟಿಗೆ, ಮೂಲೆಗೊಂದು ಗೋಪುರ, ಗಾಳಿಗೆ ಮೈಯೊಡ್ಡಿ ಮುಂದೆ ಚಾಚಿದ ದೊಡ್ಡ ಕಿಟಕಿಗಳು, ಬಾಗಿಲಿಗೆ ಬಣ್ಣದ ಗಾಜು. ಅಲ್ಲಿ ಯಾರಿರುತ್ತಾರೆ ಎಂದು ಅಂದು ಅಮ್ಮನನ್ನು ಕೇಳಿದ್ದಳು. "ಗುಡಿಸೋಕೆ ಬೇರೆಯವರನ್ನ ಇಟ್ಕೊಂಡಿರೋರು," ಎಂದಿದ್ದಳು ಡೋರೀನ್. ಆಗ ಅವಳು ಅಂಥ ಮೂರು ಮನೆಗಳ ನೆಲ ಒರೆಸುತ್ತಿದ್ದಳು. ಒರೆಸಿದ್ದರಿಂದಲೇ ಮಗಳು ಓದಿದ್ದು.

ಈಗ ಆ ಮನೆ ಮಾರಾಟಕ್ಕಿತ್ತು. ಗೇನೋರಳ ಗಂಡ ಸಮುದ್ರದ ನಡುವಿನ ಎಣ್ಣೆಬಾವಿಯ ಕೆಲಸಕ್ಕೆ ಹೋಗಿದ್ದವನು, "ನಿನಗೆ ಹಿಡಿಸಿದ್ರೆ ನನಗೂ ಹಿಡಿಸ್ತು" ಎಂದು ಫೋನಿನಲ್ಲೇ ಕೈತೊಳೆದುಕೊಂಡಿದ್ದ. ಮುಂಬಾಗಿಲಿನ ಅಂತಸ್ತಿನಲ್ಲೇ ಬೆಳಗಿನ ಬಿಸಿಲು ಬೀಳುವ ಒಂದು ಕೋಣೆಯಿತ್ತು. ಫೋಟೋದಲ್ಲಿ ಅದನ್ನು ಕಂಡ ಕ್ಷಣವೇ ಅಮ್ಮನ ಮಂಚ ಯಾವ ಗೋಡೆಗೆ ಎಂದು ಅವಳು ಮನಸ್ಸಿನಲ್ಲೇ ಗೊತ್ತುಮಾಡಿಬಿಟ್ಟಿದ್ದಳು. ಸ್ಕೆಲ್ಟನ್‌ನ ಕಡಿದಾದ ಮೆಟ್ಟಿಲು ಡೋರೀನಳ ಮಂಡಿಯನ್ನು ತಿನ್ನುತ್ತಿತ್ತು.

ಒಂದೇ ತೊಡಕು, ಮನೆಯೊಡತಿ. ವಕೀಲರ ವಿಧವೆ, ಎಂಬತ್ತೆಂಟರ ಮಿಸೆಸ್ ಪೆನ್ನಕ್. ಕೊಂಡು ಮಹಡಿ ಮಹಡಿಯಾಗಿ ಬಾಡಿಗೆಗೆ ಕೊಡುತ್ತೇನೆ ಎಂದವನನ್ನು ಆಕೆ ಟೀ ಕೂಡ ಕೊಡದೆ ಕಳಿಸಿದ್ದರು. ಬಣ್ಣದ ಗಾಜು ತೆಗೆದು ಪ್ಲಾಸ್ಟಿಕ್ ಕಿಟಕಿ ಹಾಕಿಸಬಹುದೇ ಎಂದು ಕೇಳಿದವಳಿಗೆ ಟೀ ಸಿಕ್ಕಿತ್ತು, ಮನೆ ಸಿಗಲಿಲ್ಲ. "ಅವರು ಮನೆ ಮಾರ್ತಿಲ್ಲ, ಮನೆಗೆ ಜನ ಆರಿಸ್ತಿದ್ದಾರೆ. ಹುಷಾರಾಗಿ ಮಾತಾಡಿ," ಎಂದು ಏಜೆಂಟ್ ಎಚ್ಚರಿಸಿದ್ದ.

ಆ ಶನಿವಾರ ಅಮ್ಮನನ್ನೂ ಕರೆದುಕೊಂಡು ಬಂದು, ಹುಷಾರಾಗಿ ಮಾತಾಡಲು ಸಜ್ಜಾಗಿ, ಕೊರಳ ಸ್ಕಾರ್ಫ್ ಸರಿಮಾಡಿಕೊಂಡು ಗೇನೋರ್ ಮುಂಬಾಗಿಲ ಗಂಟೆ ಒತ್ತಿದಳು. ತಿರುಗಿ ನೋಡಿದರೆ ಅಮ್ಮನಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಮಿಸೆಸ್ ಪೆನ್ನಕ್ ಕೈಕುಲುಕಿ, ಗಾಳಿಯ ಬಗ್ಗೆ ಎರಡು ಮಾತಾಡಿ, ನೆಲದ ಬಣ್ಣಬಣ್ಣದ ಹಂಚು ತೋರಿಸುತ್ತಿದ್ದಾಗ ಕೆಳಗಿನ ಅಡುಗೆಮನೆಯಿಂದ ದನಿ ಕೇಳಿತು.

"ನಾನು ಕಣ್ರೀ!"

ಇಬ್ಬರೂ ಮೆಟ್ಟಿಲಿಳಿದು ಹೋದರು. ಡೋರೀನ್ ಹಿಂಬಾಗಿಲ ಬಳಿ ಒಂಟಿ ಕಾಲಲ್ಲಿ ನಿಂತು ಬೂಟು ಕಳಚುತ್ತಿದ್ದಳು. ಚೀಲದಿಂದ ತನ್ನ ಮನೆ ಚಪ್ಪಲಿ ತೆಗೆದು ಹಾಕಿಕೊಂಡಳು. ಕಂಡವರ ಕಾರ್ಪೆಟ್ಟನ್ನು ಹೊರಗಿನ ಬೂಟಿನಲ್ಲಿ ತುಳಿಯಬಾರದೆಂಬುದು ಅವಳ ಧರ್ಮ. ಮೈಮೇಲೆ ಹಳೇ ನೀಲಿ ಮಳೆಕೋಟು.

ಮಿಸೆಸ್ ಪೆನ್ನಕ್ ಚಪ್ಪಲಿ ನೋಡಿದರು, ಕೋಟು ನೋಡಿದರು. ಮುಖ ಅರಳಿತು.

"ಓ, ನಿಮ್ಮ ಕೆಲಸದವಳನ್ನೂ ಕರ್ಕೊಂಡು ಬಂದಿದ್ದೀರಾ! ಎಷ್ಟು ಒಳ್ಳೇದು ಮಾಡಿದ್ರಿ. ಮನೆ ಎಷ್ಟು ದೊಡ್ಡದು ಅನ್ನೋದು ಗುಡಿಸೋರಿಗೇ ತಾನೆ ಗೊತ್ತು? ನಿನ್ನ ಹೆಸರೇನಮ್ಮಾ?"

"ಡೋರೀನ್," ಎಂದು ಡೋರೀನ್ ಮಗಳ ಕಡೆ ನೋಡಿದಳು.

ಇವರು ನಮ್ಮಮ್ಮ. ಅಷ್ಟು ಹೇಳಿದ್ದರೆ ಸಾಕಿತ್ತು. ಎದುರಿನವರ ತಪ್ಪನ್ನು ಮುಖಕ್ಕೆ ಹೇಳಿ ಅವರನ್ನು ಮುಜುಗರಕ್ಕೆ ತಳ್ಳುವುದಕ್ಕಿಂತ ಸುಳ್ಳೇ ಮೇಲು ಎಂದು ನಂಬಿದ ನಾಡು ಇದು. ಇಲ್ಲಿ ಕಾಲು ತುಳಿಸಿಕೊಂಡವನೇ ಕ್ಷಮೆ ಕೇಳುತ್ತಾನೆ. ಮುದುಕಿಯ ಮುಖ ಕೆಂಪಾಗುತ್ತದೆ, ಮನೆ ಕೈತಪ್ಪುತ್ತದೆ ಎಂದು ಗೇನೋರ್ ಹೆದರಿದ್ದೂ ನಿಜ. ಆದರೆ ಇದೆಲ್ಲ ಆಮೇಲೆ ಹುಡುಕಿಕೊಂಡ ನೆಪ. ಆ ಗಳಿಗೆಯಲ್ಲಿ, ಕೆಲಸದವಳನ್ನು ಇಟ್ಟುಕೊಂಡವಳ ಹಾಗೆ ತಾನು ಕಾಣುತ್ತಿದ್ದೇನೆ ಎಂದು ಅವಳಿಗೆ ಒಂದಿಷ್ಟು ಹಿತವಾಯಿತು. ಅವಳು ಮುಗುಳ್ನಕ್ಕಳು.

ಡೋರೀನ್ ಆ ನಗುವನ್ನು ಕಂಡಳು. ಮಗಳ ಶಾಲೆಯ ಲೆಕ್ಕವನ್ನು ಒಂದೇ ನೋಟಕ್ಕೆ ಸರಿಯೋ ತಪ್ಪೋ ಎನ್ನುತ್ತಿದ್ದವಳು, ಇದನ್ನೂ ಹಾಗೇ ಓದಿಕೊಂಡಳು.

"ಒಳ್ಳೇ ಅಡುಗೆಮನೆ ಅಮ್ಮಾವ್ರೆ. ನೀವು ಮೇಲೆ ನೋಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ," ಎಂದಳು.

ಮೇಲೆ ಮನೆ ತನ್ನ ಚೆಲುವನ್ನೆಲ್ಲ ಒಂದೊಂದಾಗಿ ಬಿಚ್ಚಿಟ್ಟಿತು. ಕೈ ಸವರಿ ಸವರಿ ನುಣುಪಾದ ಮೆಟ್ಟಿಲ ಕಟಕಟೆ, ಸೂರಿನಲ್ಲಿ ಗಾರೆಯ ದ್ರಾಕ್ಷಿಗೊಂಚಲು, ಗೋಪುರದ ಕೋಣೆಯಿಂದ ಕಾಣುವ ಕಡಲು. ಗೇನೋರ್ ಎಲ್ಲದಕ್ಕೂ ಆಹಾ ಎಂದಳು. ಮನಸ್ಸೆಲ್ಲ ಕೆಳಗೇ ಇತ್ತು. ಈಗ ಹೇಳುತ್ತೇನೆ ಎಂದುಕೊಂಡಳು, ಈ ಕೋಣೆ ಮುಗಿಯಲಿ ಎಂದುಕೊಂಡಳು. ಬೆಳಗಿನ ಬಿಸಿಲಿನ ಕೋಣೆಗೆ ಬಂದಾಗಲಂತೂ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಮಿಸೆಸ್ ಪೆನ್ನಕ್, "ನಿಮ್ಮ ಡೋರೀನ್ ರಾತ್ರಿ ಉಳಿಯೋ ಹಾಗಿದ್ರೆ ಅಡುಗೆಮನೆ ಪಕ್ಕ ಒಂದು ಪುಟ್ಟ ರೂಮಿದೆ. ಕಿಟಕಿ ಇಲ್ಲ, ಆದ್ರೆ ಬೆಚ್ಚಗಿರುತ್ತೆ," ಎಂದರು. ಮಾತು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ದೊಡ್ಡ ಕೂಟದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಪಕ್ಕ ಗೋಡೆಯಲ್ಲೊಂದು ಹಿತ್ತಾಳೆಯ ಹಿಡಿ ಇತ್ತು.

"ಇದನ್ನ ಎಳೆದ್ರೆ ಅಡುಗೆಮನೇಲಿ ಗಂಟೆ ಹೊಡೆಯುತ್ತೆ," ಎಂದರು ಮಿಸೆಸ್ ಪೆನ್ನಕ್, ಹುಡುಗಿಯ ಹುರುಪಿನಲ್ಲಿ. "ನಮ್ಮತ್ತೆ ಕಾಲದಲ್ಲಿ ಕೆಲಸದವರನ್ನ ಕರೀತಿದ್ದಿದ್ದೇ ಹೀಗೆ. ಎಷ್ಟೋ ವರ್ಷದಿಂದ ಕೆಳಗೆ ಕೇಳೋಕೆ ಯಾರೂ ಇರ್ಲಿಲ್ಲ, ಇವತ್ತು ನಿಮ್ಮ ಡೋರೀನ್ ಇದ್ದಾಳೆ. ಎಳೀರಿ, ಎಳೀರಿ! ಕೇಳಿಸುತ್ತಾ ನೋಡೋಣ."

"ಬೇಡ ಬಿಡಿ, ಮಿಸೆಸ್ ಪೆನ್ನಕ್..."

"ಅಯ್ಯೋ ನಾಚಿಕೆ ಯಾಕೆ? ನಾಳೆಯಿಂದ ನಿಮ್ಮದೇ ಆಗಬಹುದು."

ನಿಮ್ಮದೇ ಎಂಬ ಮಾತು ಕಿವಿಗೆ ಬಿದ್ದದ್ದೇ ಗೇನೋರ್ ಎಳೆದಳು. ದೂರದಲ್ಲಿ, ನೆಲದಡಿಯಲ್ಲಿ ಗಂಟೆ ಕಿಣಿಕಿಣಿ ಎಂದಿತು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಒಂದು ಹೆಜ್ಜೆ, ಸುಧಾರಿಸಿಕೊಳ್ಳುವುದು, ಇನ್ನೊಂದು ಹೆಜ್ಜೆ. ಆ ಮಂಡಿ ಎಲ್ಲಿ ನೋಯುತ್ತದೆಂದು ಗೇನೋರಳಿಗೆ ಗೊತ್ತಿತ್ತು, ಅಮ್ಮನ ಮನೆಗೆ ಹೋದಾಗಲೆಲ್ಲ ಅದಕ್ಕೆ ಮುಲಾಮು ಹಚ್ಚುವವಳು ಅವಳೇ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಭೂಮಿ ಬಾಯಿ ಬಿಡಲಿಲ್ಲ, ಅವಳೂ ಬಿಡಲಿಲ್ಲ.

ಡೋರೀನ್ ಬಾಗಿಲಲ್ಲಿ ಬಂದು ನಿಂತಳು. ಮಗಳ ಕೈಯಲ್ಲಿದ್ದ ಹಿಡಿಯನ್ನು ನೋಡಿದಳು.

"ಕರೆದ್ರಾ ಅಮ್ಮಾವ್ರೆ?" ಎಂದಳು. ಕೇಳಿದ್ದು ಮಗಳನ್ನು.

"ಸುಮ್ನೆ... ಗಂಟೆ ಕೆಲಸ ಮಾಡುತ್ತಾ ಅಂತ ನೋಡ್ತಿದ್ವಿ."

"ಮಾಡುತ್ತೆ. ಚೆನ್ನಾಗಿ ಕೇಳ್ಸುತ್ತೆ," ಎಂದು ಡೋರೀನ್ ತಿರುಗಿ ಹೋದಳು. ಮಿಸೆಸ್ ಪೆನ್ನಕ್ ಚಪ್ಪಾಳೆ ತಟ್ಟಿದರು. ಡೋರೀನಳ ಮುಖದಲ್ಲಿ ಸಿಟ್ಟಿದ್ದಿದ್ದರೆ ಗೇನೋರ್ ತಡೆದುಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ.

ಟೀ ಅಡುಗೆಮನೆಯಲ್ಲೇ ಆಯಿತು. ಮಿಸೆಸ್ ಪೆನ್ನಕ್ ಕೆಟ್ಟವರಲ್ಲ. ಡೋರೀನಳಿಗೂ ಕುರ್ಚಿ ಎಳೆದುಕೊಟ್ಟರು, ಅವಳಿಗೂ ಅದೇ ಹೂವಿನ ಬಟ್ಟಲಲ್ಲೇ ಟೀ ಕೊಟ್ಟರು. ಕುಡಿದು ಮುಗಿಸಿದ ಮೇಲೆ ಡೋರೀನ್ ಎದ್ದು ಬಟ್ಟಲು ತೊಳೆಯತೊಡಗಿದಳು. ಯಾರ ಮನೆಗೆ ಹೋದರೂ ಅವಳು ತೊಳೆಯುವವಳೇ.

"ಮಕ್ಕಳಿದ್ದಾರಾ ಡೋರೀನ್?"

"ಒಬ್ಳು ಮಗಳು ಅಮ್ಮಾವ್ರೆ."

"ಚೆನ್ನಾಗಿ ನೋಡ್ಕೋತಾಳಾ?"

ಡೋರೀನ್ ಬಟ್ಟಲನ್ನು ಬಟ್ಟೆಯಲ್ಲಿ ಒಂದು ಸುತ್ತು ಹೆಚ್ಚಾಗಿಯೇ ಒರೆಸಿದಳು. "ಹೂಂ, ನೋಡ್ಕೋತಾಳೆ. ಒಳ್ಳೇ ಹುಡುಗಿ, ತುಂಬಾ ಓದಿದ್ದಾಳೆ. ಸ್ವಲ್ಪ ಅಂಜುಬುರುಕಿ, ಅಷ್ಟೆ."

ಗೇನೋರ್ ತನ್ನ ಖಾಲಿ ತಟ್ಟೆಯನ್ನು ನೋಡುತ್ತ ಕೂತಳು.

ಹೊರಡುವಾಗ ಮಿಸೆಸ್ ಪೆನ್ನಕ್ ಹಣ್ಣಿನ ಕೇಕಿನ ಡಬ್ಬಿಯೊಂದನ್ನು ಡೋರೀನಳ ಕೈಗಿತ್ತರು. ಆಮೇಲೆ ಗೇನೋರಳ ಎರಡೂ ಕೈ ಹಿಡಿದು, "ಮನೆ ನಿಮಗೇ. ಸೋಮವಾರ ಏಜೆಂಟ್‌ಗೆ ಹೇಳ್ತೀನಿ. ಕೆಲಸದವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಟೀ ಕುಡಿಯೋ ಮನಸ್ಸು ಈ ಕಾಲದಲ್ಲಿ ಯಾರಿಗಿದೆ? ನಾನೇನು ದೂರ ಹೋಗ್ತಿಲ್ಲ, ಮೂರು ಬೀದಿ ಆಚೆ. ಗುರುವಾರ ಗುರುವಾರ ಟೀಗೆ ಬರ್ತೀನಿ, ಬೇಡ ಅನ್ನಬೇಡಿ," ಎಂದರು. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಗೇನೋರ್ ಥ್ಯಾಂಕ್ಸ್ ಎಂದಳು.

ಅವರು ಮೆಟ್ಟಿಲ ಮೇಲೆ ನಿಂತು ಕೈಬೀಸುತ್ತಿದ್ದರು. ಬರುವಾಗ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದ ಡೋರೀನ್ ಈಗ ಹಿಂದಿನ ಬಾಗಿಲು ತೆರೆದು ಹತ್ತಿದಳು.

"ಅಮ್ಮಾ, ಮುಂದೆ ಬಾ," ಗೇನೋರ್ ತುಟಿ ಅಲ್ಲಾಡಿಸದೆ ಅಂದಳು.

"ನೋಡ್ತಿದ್ದಾರೆ. ಗಾಡಿ ತೆಗಿ."

ಮೂಲೆ ತಿರುಗಿದ ಮೇಲೆ ಗೇನೋರ್ ಕಾರು ನಿಲ್ಲಿಸಿದಳು. "ಈಗ ಬಾ."

"ಕೂತಾಯ್ತು ಬಿಡು. ಇಳಿದು ಹತ್ತೋಕೆ ಮಂಡಿ ಕೇಳಲ್ಲ." ಕನ್ನಡಿಯಲ್ಲಿ ಡೋರೀನ್ ಕೇಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. "ಯೋಚ್ನೆ ಮಾಡ್ದೆ. ಗುರುವಾರ ನಾನು ಅಡುಗೆಮನೇಲಿ ಇರ್ತೀನಿ. ಅವರು ಹೋದ್ಮೇಲೆ ನನ್ನ ರೂಮಿಗೆ ಬರ್ತೀನಿ. ದಾರೀಲಿ ಸಿಕ್ಕಿದ್ರೆ ಅಮ್ಮಾವ್ರೆ ಅಂದ್ರಾಯ್ತು. ಎಷ್ಟು ದಿನ ಮಹಾ? ಅವರಿಗೆ ಎಂಬತ್ತೆಂಟು, ನಂಗೆ ಎಪ್ಪತ್ತೊಂಬತ್ತು. ಗೆಲ್ಲೋಳು ನಾನೇ."

ಅವಳು ತಮಾಷೆಗೆ ಹೇಳಿದ್ದು. ಗೇನೋರಳಿಗೆ ನಗು ಬರಲಿಲ್ಲ. ಬಿಸಿಲಿನ ಕೋಣೆಯಿಂದ ಅಮ್ಮ ವಾರಕ್ಕೊಮ್ಮೆ ತನ್ನ ಚಪ್ಪಲಿ ಎತ್ತಿಕೊಂಡು ಅಡುಗೆಮನೆಗೆ ಇಳಿಯುವುದು ಕಣ್ಣಿಗೆ ಕಟ್ಟಿತು. ಇನ್ನು ಒಂದು ನಿಮಿಷವೂ ಕೂರಲಾಗಲಿಲ್ಲ. ಕಾರಿನಿಂದಿಳಿದು, ಗಾಳಿಗೆ ಹಾರುವ ಸ್ಕಾರ್ಫನ್ನೂ ಹಿಡಿಯದೆ ಹಿಂದಕ್ಕೆ ನಡೆದಳು.

"ಏನಾದ್ರೂ ಮರೆತ್ರಾ?" ಬಾಗಿಲು ತೆರೆದ ಮಿಸೆಸ್ ಪೆನ್ನಕ್ ಕೇಳಿದರು.

"ಡೋರೀನ್ ನಮ್ಮಮ್ಮ," ಎಂದಳು ಗೇನೋರ್. "ಕೆಲಸದವರಲ್ಲ. ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ."

ಮುದುಕಿಯ ಕೊರಳಿನಿಂದ ಹತ್ತಿದ ಕೆಂಪು ಕಿವಿಯವರೆಗೂ ಏರಿತು.

"ಆದ್ರೆ... ಅವರು ನನ್ನ ಬಟ್ಟಲು ತೊಳೆದ್ರು."

"ಅವರು ಎಲ್ಲರ ಮನೇಲೂ ತೊಳೀತಾರೆ."

"ಕಿಟಕಿ ಇಲ್ಲದ ರೂಮು ಅವರಿಗೆ ಅಂದೆ ನಾನು. ಆ ಗಂಟೆ..."

"ಎಳೆದವಳು ನಾನು."

"ಎಳೀರಿ ಅಂದವಳು ನಾನಲ್ವೇ?" ಮಿಸೆಸ್ ಪೆನ್ನಕ್ ಬಾಗಿಲನ್ನು ಹಿಡಿದುಕೊಂಡರು. ಆಮೇಲೆ ದನಿ ಬದಲಾಯಿತು, ಬ್ಯಾಂಕಿನಲ್ಲಿ ಮಾತಾಡುವಂತಾಯಿತು. "ಬಂದು ತಿಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ಏಜೆಂಟ್ ನಿಮಗೆ ಫೋನ್ ಮಾಡ್ತಾರೆ."

ಏಜೆಂಟ್ ಫೋನ್ ಮಾಡುತ್ತಾನೆ ಎಂದರೆ ಏನೆಂದು ಗೇನೋರಳಿಗೆ ಗೊತ್ತಿತ್ತು. ತಾನೂ ಶಾಲೆಯಲ್ಲಿ ಎಷ್ಟೋ ಜನಕ್ಕೆ ಹಾಗೆಂದು ಹೇಳಿ ಕಳಿಸಿದವಳೇ. "ನಿಮ್ಮ ತಪ್ಪೇನೂ ಇಲ್ಲ, ಮಿಸೆಸ್ ಪೆನ್ನಕ್..."

"ಗುರುವಾರ ನಾನು ಯಾವ ಮುಖ ಹೊತ್ಕೊಂಡು ಬರಲಿ, ಹೇಳಿ," ಎಂದು ಅವರು ಮೆಲ್ಲಗೆ, ಗಾಜು ಅಲುಗದ ಹಾಗೆ ಬಾಗಿಲು ಮುಚ್ಚಿದರು.

ಡೋರೀನ್ ಇನ್ನೂ ಹಿಂದಿನ ಸೀಟಿನಲ್ಲೇ ಇದ್ದಳು. "ಹೇಳಿದ್ಯಾ?"

"ಹೂಂ."

"ಮನೆ?"

"ಹೋಯ್ತು."

ಹಿಂದಿನಿಂದ ಬೈದರೆ ಬೈಗುಳ ಸರಿಯಾಗಿ ತಾಗುವುದಿಲ್ಲವೆಂದೋ ಏನೋ, ಡೋರೀನ್ ಮಂಡಿಯನ್ನೂ ಲೆಕ್ಕಿಸದೆ ಇಳಿದು, ಧಡಾರನೆ ಬಾಗಿಲು ಬಡಿದು ಮುಂದೆ ಬಂದು ಕೂತಳು.

"ಪೆದ್ದಿ! ಶುದ್ಧ ಪೆದ್ದಿ! ಅಷ್ಟೊತ್ತು ಅಮ್ಮಾವ್ರೆ ಅಮ್ಮಾವ್ರೆ ಅಂತ ನಾಲಿಗೆ ಸವೆಸಿದ್ದು ಯಾರಿಗೋಸ್ಕರ? ನನಗೇನು ಕಷ್ಟ ಆಯ್ತು ಅಂದ್ಕೊಂಡ್ಯಾ? ನಲವತ್ತು ವರ್ಷ ಅದೇ ಕೆಲಸ ಮಾಡಿದೋಳು ನಾನು. ಇನ್ನರ್ಧ ದಿನ ಜಾಸ್ತಿ ಮಾಡಿದ್ರೆ ಸತ್ತು ಹೋಗ್ತಿದ್ನಾ? ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಹೋಗಿ ಆ ಮುದುಕಿ ಮುಖಕ್ಕೆ ಮಸಿ ಬಳಿದು ಬಂದಿದ್ದೀಯ. ಪಾಪ, ಅವರು ಕೇಕ್ ಬೇರೆ ಕೊಟ್ಟಿದ್ರು."

"ಅಮ್ಮಾ, ತಪ್ಪಾಯ್ತು."

"ಹೇಳೋದಾದ್ರೆ ಆಗಲೇ ಹೇಳ್ಬೇಕು. ಟೀ ಎಲ್ಲಾ ಕುಡಿದಾದ್ಮೇಲೆ ಹೇಳಿದ್ರೆ ಅದು ಹೇಳಿದ ಹಾಗಾ?"

ಗೇನೋರ್ ಅಳುತ್ತಿದ್ದಳು. ಡೋರೀನ್ ಕೋಟಿನ ತೋಳಿನಿಂದ ಕರ್ಚೀಫು ತೆಗೆದು ಅವಳ ಮಡಿಲಿಗೆ ಎಸೆದಳು. ಸಿಟ್ಟು ಇಳಿದಿತ್ತು. ಅದು ಇಳಿದ ಜಾಗದಲ್ಲಿ ಇನ್ನೇನೋ ಇತ್ತು. ಅವಳು ಕಿಟಕಿಯಾಚೆ ನೋಡುತ್ತ ಮಾತಾಡಿದಳು.

"ಗಂಟೆ ಹೊಡೀತಲ್ಲ, ಅದು ಆ ಮುದುಕಿ ಎಳೆದಿದ್ದು ಅಂದ್ಕೊಂಡೆ. ಮೆಟ್ಟಿಲು ಹತ್ತೋವಾಗೆಲ್ಲ ಹಾಗೇ ಅಂದ್ಕೊಂಡೇ ಹತ್ತಿದೆ. ಬಾಗಿಲಿಗೆ ಬಂದು ನೋಡಿದ್ರೆ ಹಿಡಿ ನಿನ್ನ ಕೈಲಿತ್ತು."

ಗೇನೋರ್ ಕರ್ಚೀಫಿನಿಂದ ಕಣ್ಣೊರೆಸಿಕೊಂಡಳು.

"ನಡಿ, ಮನೆಗೆ ಹೋಗೋಣ," ಎಂದಳು ಡೋರೀನ್. "ಚಳಿ ಆಗ್ತಿದೆ."