ದೂರಿದವರ ಪ್ರಮಾಣ

ರೋಮನ್ನರ ಕಾಲದ ಅಪರಾಧ ಕಾನೂನನ್ನು ಓದಿ ಓದಿ ಕಣ್ಣು ಮಂಜಾಗಿಸಿಕೊಂಡವಳು ನಳಿನಾಕ್ಷಿ. ಸಾಕ್ಷಿ ಹೇಳುವವರ ಮನಸ್ಸು ಹೇಗೆ ಓಡುತ್ತದೆ ಎಂದು ಮಣಿಪಾಲದಲ್ಲಿ ವಕೀಲರಿಗೂ ಪೊಲೀಸರಿಗೂ ತರಬೇತಿ ಕೊಡುತ್ತಿದ್ದಳು. ಹಾಗಾಗಿ ಕಾಪುವಿನ ತವರಿನಲ್ಲಿ ತಮ್ಮ ಜನಾರ್ದನನ ಹೆಂಡತಿಯ ಚಿನ್ನದ ಬಳೆ ಕಾಣೆಯಾದಾಗ ಮೊದಲ ಫೋನು ಹೋದದ್ದು ಠಾಣೆಗಲ್ಲ, ಅವಳಿಗೆ.

ಅವಳು ಬರುವಾಗ ಮನೆಗೆಲಸದ ಅಕ್ಕುವನ್ನು ಅಂಗಳದಲ್ಲಿ ನಿಲ್ಲಿಸಿಯಾಗಿತ್ತು.

"ಒಮ್ಮೆ ಇವಳ ಮುಖ ನೋಡು ನಳಿನಕ್ಕ," ಎಂದ ಜನಾರ್ದನ. "ಕದ್ದಿದ್ದಾಳೋ ಇಲ್ಲವೋ ಹೇಳು, ಸಾಕು. ಪೊಲೀಸರಿಗೇ ಕಲಿಸುವವಳಲ್ವಾ ನೀನು!"

"ಮುಖ ನೋಡಿ ಹೇಳಲಿಕ್ಕೆ ಆಗುವುದಿಲ್ಲ ಅಂತಲೇ ನಾನು ಕಲಿಸುವುದು ಮಾರಾಯ."

"ಹಾಗಾದರೆ ನಾಳೆ ದೈವದ ಎದುರು ಪ್ರಮಾಣ ಮಾಡಲಿ. ನೋಡು, ಹೆಸರೆತ್ತಿದ ಕೂಡಲೇ ನಡುಗುತ್ತಾಳೆ. ಕದಿಯದವಳಿಗೆ ಎಂತ ಹೆದರಿಕೆ?"

ಅಕ್ಕು ನಡುಗುತ್ತಿದ್ದದ್ದು ನಿಜ. ಪ್ರಮಾಣಕ್ಕೆ ನಿಲ್ಲಿಸಿದ ಹೆಂಗಸನ್ನು ಆಮೇಲೆ ಊರಿನಲ್ಲಿ ಯಾರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ, ಕದ್ದಿರಲಿ ಬಿಡಲಿ. ಇದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಲೈಸೆನ್ಸ್ ಕಿಸೆಯಲ್ಲಿದ್ದರೂ ಪೊಲೀಸರನ್ನು ಕಂಡರೆ ನೀನು ಬೈಕ್ ತಿರುಗಿಸುತ್ತಿ. ಅದು ಎಂತ ಹೆದರಿಕೆ?"

ಜನಾರ್ದನನ ಮುಖ ಕೆಂಪಾಯಿತು.

"ಪ್ರಮಾಣ ಆಗಲಿ," ಎಂದಳು ನಳಿನಾಕ್ಷಿ. "ಆದರೆ ರೋಮಿನಲ್ಲಿ ದೂರು ಕೊಟ್ಟವನೂ ಪ್ರಮಾಣ ಮಾಡಬೇಕಿತ್ತು, ನಾನು ಸುಳ್ಳು ಹೊರಿಸುತ್ತಿಲ್ಲ ಅಂತ. ಮೊದಲು ನೀನು ಮಾಡು. ಅಕ್ಕುವೇ ಕದ್ದದ್ದು ಅಂತ ದೈವದ ಎದುರು ಹೇಳು."

"ನಾನಾ? ನಾನೇನು ಕಣ್ಣಾರೆ ನೋಡಿದೆನಾ?"

"ನೋಡದೆ ಹೊರಿಸಿದೆ ಅಂತಾಯಿತು."

"ನಿನ್ನ ರೋಮು ಇಲ್ಲಿ ಬೇಡ! ಕೆಲಸದವಳ ಪರ ನಿಲ್ಲುವುದಾದರೆ ಇನ್ನು ಮನೆಯ ದೈವದ ತಂಬಿಲಕ್ಕೆ ನೀನು ಬರಬೇಕೆಂದಿಲ್ಲ."

ಮನೆಮಂದಿಯೆಲ್ಲ ಸೇರಿ ದೈವಕ್ಕೆ ವರ್ಷಕ್ಕೊಮ್ಮೆ ಸಲ್ಲಿಸುವ ಆ ಸೇವೆಯನ್ನು ಹುಟ್ಟಿದ ವರ್ಷದಿಂದ ಒಮ್ಮೆಯೂ ತಪ್ಪಿಸಿಕೊಂಡವಳಲ್ಲ ಅವಳು. ಆದರೂ ಸೆರಗು ಸಿಕ್ಕಿಸಿಕೊಂಡು ಜಗಲಿಯ ಮೇಲೆ ಗಟ್ಟಿಯಾಗಿ ಕುಳಿತಳು.

"ತಂಬಿಲಕ್ಕೆ ಬಾರದಿದ್ದರೇನು? ನಾಳೆ ಇವಳ ಜೊತೆಗೆ ಬರುತ್ತೇನೆ. ಊರು ಸೇರಲಿ, ಎಲ್ಲರೆದುರೇ ನಿನ್ನನ್ನು ಕೇಳುತ್ತೇನೆ."

ಅಕ್ಕು ತಲೆ ಎತ್ತಿದಳು.

"ನೀವು ಪ್ರಮಾಣ ಮಾಡಿದರೆ ನಾನೂ ಮಾಡ್ತೇನೆ ಧಣಿಗಳೇ. ಎದುರುಬದುರು ನಿಂತು. ನಾಳೆ ಎಷ್ಟು ಹೊತ್ತಿಗೆ ಬರಬೇಕು?"

ಜನಾರ್ದನ ಒಳಗೆ ಹೋಗಲು ತಿರುಗಿದ.

"ನಿಲ್ಲು," ಎಂದಳು ನಳಿನಾಕ್ಷಿ. "ಅವಳು ಕೇಳುತ್ತಿದ್ದಾಳೆ. ಉತ್ತರ ಕೊಟ್ಟು ಹೋಗು."